‘ಇಲ್ಲಿ ರಾಜಕೀಯ ಮಾತಾಡಬಾರದು’ ಬೋರ್ಡು ತೆಗೆದು ಟೀ ಅಂಗಡಿ ನಡೆಸುವುದು ಹೇಗೆ

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರ್ಕೆಟ್ಟಿಗೆ ಕೂಗಳತೆಯಲ್ಲಿ ನನ್ನದೊಂದು ಟೀ ಅಂಗಡಿ ಇದೆ. ಎರಡು ಬೆಂಚು, ಒಂದು ಸ್ಟವ್, ಎರಡು ಕನ್ನಡ ಪೇಪರ್. ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆದರೆ ಗೂಡು ತಂದ ರೈತರು, ಗೂಡು ಕೊಳ್ಳುವ ರೀಲರ್‌ಗಳು, ಆಟೋದವರು, ಹಮಾಲಿಗಳು ಎಲ್ಲರೂ ಇಲ್ಲೇ. ನಮ್ಮೂರು ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ಹಿಪ್ಪುನೇರಳೆ ಬೆಳೆದು ಹುಳು ಸಾಕುವವರಲ್ಲಿ ಹೆಚ್ಚಿನವರು ಸುತ್ತಲ ಹಳ್ಳಿಯ ಹಿಂದೂ ರೈತರು. ಗೂಡು ಬೇಯಿಸಿ ನೂಲು ತೆಗೆಯುವ ರೀಲರ್‌ಗಳಲ್ಲಿ ಹೆಚ್ಚಿನವರು ಊರೊಳಗಿನ ಮುಸ್ಲಿಮರು. ಇವರಿಲ್ಲದೆ ಅವರಿಲ್ಲ. ಬೆಂಚಿನ ಮೇಲೆ ಕನ್ನಡ, ತೆಲುಗು, ಉರ್ದು ಮೂರೂ ಓಡುತ್ತವೆ. ಬೈಗುಳ ಮಾತ್ರ ತೆಲುಗಿನಲ್ಲಿ ಜಾಸ್ತಿ.

ಮೊದಲು ಹರಾಜು ಕೂಗಿಯೇ ನಡೆಯುತ್ತಿತ್ತು. ಈಗ ಇ-ಹರಾಜು. ಬೆರಳು ಒತ್ತಿದರೆ ಬಿಡ್ ಆಯಿತು. ಅಲ್ಲಿ ಕೂಗುವುದು ನಿಂತ ಮೇಲೆ ಆ ಕೂಗಾಟವೆಲ್ಲ ನನ್ನ ಅಂಗಡಿಗೆ ಬಂತು ಅಂತ ನನಗೊಂದು ಅನುಮಾನ.

ಅದಕ್ಕೇ ಒಂದು ಬೋರ್ಡು ಬರೆಸಿ ಹಾಕಿದೆ. ‘ಇಲ್ಲಿ ರಾಜಕೀಯ ಮಾತಾಡಬಾರದು.’ ನೀವೂ ಎಷ್ಟೋ ಹೋಟೆಲಿನಲ್ಲಿ ನೋಡಿರುತ್ತೀರಿ. ಬೋರ್ಡಿನಿಂದ ಮಾತು ನಿಲ್ಲಲಿಲ್ಲ, ಜನ ಬೇರೆಯಾದರು. ರೈತರು ಗ್ಲಾಸು ಹಿಡಿದು ರಸ್ತೆಯಾಚೆ ಹುಣಸೆಮರದ ಕೆಳಗೆ ಹೋದರು. ರೀಲರ್‌ಗಳು ಬಾಗಿಲಲ್ಲಿ ನಿಂತೇ ಕುಡಿದು ಹೊರಟರು. ಮರದ ಕೆಳಗೆ ಒಬ್ಬ ಏನೇ ಹೇಳಲಿ, ‘ಹಂಗಲ್ಲ ಕಣಯ್ಯಾ’ ಅನ್ನೋರು ಇಲ್ಲ. ಅತ್ತ ಕಡೆಯೂ ಅಷ್ಟೇ. ಒಂದು ವರ್ಷ ನೋಡಿ ಬೋರ್ಡು ತೆಗೆದೆ. ಈಗ ಅದರ ಹಿಂಬದಿಯಲ್ಲಿ ಟೀ, ಕಾಫಿ, ಬೋಂಡದ ರೇಟು ಬರೆದಿದ್ದೇನೆ.

ತೆಗೆಯುವುದು ಸುಲಭ. ತೆಗೆದ ಮೇಲೆ ಅಂಗಡಿ ಉಳಿಸಿಕೊಳ್ಳುವುದು ಹೇಗೆ ಅನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಟೀ ಅಂಗಡಿ, ಕಟಿಂಗ್ ಶಾಪ್, ಡೇರಿ ಕಟ್ಟೆ, ನಾಲ್ಕು ಜನ ಕೂರುವ ಯಾವ ಜಾಗಕ್ಕಾದರೂ ಆದೀತು.

ಮೊದಲು ನನ್ನ ತಪ್ಪಿನಿಂದ ಶುರು ಮಾಡುತ್ತೇನೆ. 2025ರ ಏಪ್ರಿಲ್ 22ಕ್ಕೆ ಪಹಲ್ಗಾಮಿನಲ್ಲಿ 26 ಜನರನ್ನು ಕೊಂದರು. ಧರ್ಮ ಕೇಳಿ ಗುಂಡು ಹೊಡೆದರು ಅಂತ ಬದುಕಿ ಬಂದವರು ಹೇಳಿದರು. ಸತ್ತವರಲ್ಲಿ ನಮ್ಮ ಕನ್ನಡದವರೂ ಇದ್ದರು. ಎರಡು ವಾರ ಅಂಗಡಿಯಲ್ಲಿ ಉಸಿರು ಬಿಗಿಹಿಡಿದ ಹಾಗಿತ್ತು. ಮೇ 7ರ ನಸುಕಿಗೆ ನಮ್ಮ ಸೇನೆ ಆಪರೇಷನ್ ಸಿಂಧೂರ ನಡೆಸಿತು. 8ರ ರಾತ್ರಿ ನಾನು ಟಿವಿ ಮುಂದೆ ಕೂತಿದ್ದೆ. ಕರಾಚಿ ಬಂದರು ಧೂಳೀಪಟ ಅಂದರು. ಸೈರನ್ ಸದ್ದು, ಬೆಂಕಿಯ ಚಿತ್ರ, ಎಲ್ಲಾ ತೋರಿಸಿದರು. ನನಗೆ ನಿದ್ದೆಯೇ ಬರಲಿಲ್ಲ. ಬೆಳಿಗ್ಗೆ ಎದ್ದವನೇ ಐದು ಕೆಜಿ ಆಲೂಗಡ್ಡೆ ಬೇಯಿಸಿ, ‘ಇವತ್ತು ಬೋಂಡ ಎಲ್ಲರಿಗೂ ಫ್ರೀ’ ಅಂದುಬಿಟ್ಟೆ.

ಬೆಂಚಿನ ತುದಿಯಲ್ಲಿ ಒಬ್ಬ ರೀಲರ್ ಕೂತಿದ್ದರು. ಹದಿನೈದು ವರ್ಷದ ಗಿರಾಕಿ. ಬೋಂಡ ಮುಟ್ಟಲಿಲ್ಲ. ಪಕ್ಕದಲ್ಲಿದ್ದ ರೈತನೊಬ್ಬ ನಗುತ್ತಲೇ, ‘ಯಾಕೆ ಸಾಹೇಬ್ರೆ, ಇವತ್ತು ಬೋಂಡ ಗಂಟಲಲ್ಲಿ ಇಳೀತಿಲ್ವಾ?’ ಅಂದ. ಅವರು ಏನೂ ಹೇಳಲಿಲ್ಲ. ಗ್ಲಾಸನ್ನು ಕಲ್ಲಿನ ಮೇಲೆ ಇಟ್ಟ ರಭಸಕ್ಕೆ ಅದು ಎರಡು ಹೋಳಾಯಿತು. ಎದ್ದು ಹೋದರು. ಹನ್ನೊಂದು ದಿನ ಬರಲಿಲ್ಲ. ಅವರಿಗೆ ಸಕ್ಕರೆ ಕಾಯಿಲೆ. ಡಾಕ್ಟರು ಕರಿದದ್ದು ಬೇಡ ಅಂದು ಎರಡು ವರ್ಷವಾಗಿತ್ತು. ಅದು ಬೆಂಚಿನಲ್ಲಿ ಕೂತ ಎಲ್ಲರಿಗೂ ಗೊತ್ತು. ನನಗೆ ಇನ್ನೂ ಚೆನ್ನಾಗಿ ಗೊತ್ತು, ಅವರ ಟೀಗೆ ಸಕ್ಕರೆ ಹಾಕದವನು ನಾನೇ ಅಲ್ವಾ.

ಕರಾಚಿ ಬಂದರಿಗೆ ಏನೂ ಆಗಿರಲಿಲ್ಲ. 10ನೇ ತಾರೀಖು ಸಂಜೆ ಎರಡೂ ಕಡೆ ಗುಂಡು ನಿಂತಿತು.

ಹಾಗಾಗಿ ಮೊದಲ ಮಾತು: ಯುದ್ಧದ ಸುದ್ದಿ ಬಂದ ದಿನ ಬೋಂಡ ಕರಿಯಬೇಡಿ. ಮೂರನೇ ದಿನದ ಪೇಪರ್ ಬರಲಿ. ದೇಶದ ಮೇಲಿನ ಪ್ರೀತಿ ಮೂರು ದಿನದಲ್ಲಿ ಹಳಸುವುದಿಲ್ಲ. ನಾನು ಟಿವಿಯನ್ನು ಮನೆಗೆ ಸಾಗಿಸಿದೆ, ಈಗ ಹೆಂಡತಿ ಧಾರಾವಾಹಿ ನೋಡುತ್ತಾಳೆ. ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಬೆನ್ನುಮೇಲಾಗಿ ಗೋಡೆಗೆ ಸಿಕ್ಕಿಸಿದ್ದೇನೆ. ಯಾರಾದರೂ ‘ಇಷ್ಟು ವಿಮಾನ ಬಿತ್ತು’, ‘ಇಷ್ಟು ಜನ ಸತ್ತರು’ ಅಂದರೆ ಅದನ್ನು ತಾರೀಖು ಹಾಕಿ ಅಲ್ಲಿ ಬರೆಯಬೇಕು. ಹೇಳಿದವನೇ ಬರೆಯಬೇಕು, ನಾನಲ್ಲ. ಮೂರು ದಿನ ಬಿಟ್ಟು ಎಲ್ಲರ ಮುಂದೆ ಓದುತ್ತೇವೆ. ಪೆನ್ನು ಕೈಗೆ ಕೊಟ್ಟ ತಕ್ಷಣ ಅರ್ಧ ಜನರ ಅಂಕಿ ಅರ್ಧಕ್ಕಿಳಿಯುತ್ತದೆ. ಇದನ್ನು ನೀವೇ ಮಾಡಿ ನೋಡಿ, ತಮಾಷೆಯಾಗಿರುತ್ತದೆ.

ಎರಡನೆಯದು ಒಂದು ಪದದ ವಿಷಯ. ‘ನಿಮ್ಮೋರು.’ ಜಗಳ ಹತ್ತುವುದು ಯುದ್ಧದಿಂದಲ್ಲ, ದೇವರಿಂದಲ್ಲ, ಈ ಪದದಿಂದ. ‘ನಿಮ್ಮೋರು ಹಿಂಗೆ ಮಾಡಿದ್ರಲ್ಲ’ ಅಂದ ಕೂಡಲೇ ಎದುರಿಗೆ ಕೂತವನು ತಾನು ಕಂಡೇ ಇಲ್ಲದ ಯಾರದೋ ಪರವಾಗಿ ಉತ್ತರ ಕೊಡಬೇಕಾಗುತ್ತದೆ. ಕೊಟ್ಟರೂ ತಪ್ಪು, ಕೊಡದಿದ್ದರೂ ತಪ್ಪು. ನನ್ನ ಅಂಗಡಿಯಲ್ಲಿ ಆ ಪದ ಬಂದರೆ ನಾನು ಸೌಟು ಹಿಡಿದೇ ಕೇಳುತ್ತೇನೆ: ‘ಯಾರು? ಯಾವೂರು? ಏನು ಮಾಡಿದರು?’ ಪಹಲ್ಗಾಮಿನಲ್ಲಿ ಕೊಂದವರು ಅನ್ನಲಿ, ಉಗ್ರರು ಅನ್ನಲಿ, ಸಂಘಟನೆಯ ಹೆಸರು ಹೇಳಲಿ, ಎಷ್ಟು ಬೇಕಾದರೂ ಬೈಯಲಿ. ಸತ್ತ ಆ 26 ಜನರಲ್ಲಿ ಪ್ರವಾಸಿಗರನ್ನು ಕುದುರೆ ಮೇಲೆ ಕರೆದೊಯ್ಯುತ್ತಿದ್ದ ಅಲ್ಲಿಯ ಮುಸ್ಲಿಂ ಯುವಕನೂ ಇದ್ದ. ಅವನು ಯಾರ ಕಡೆಯವನು? ಇದು ಒಂದೇ ಕಡೆಗೆ ಹೇಳುವ ಮಾತಲ್ಲ. ರೀಲರೊಬ್ಬರು ರೈತನಿಗೆ ‘ನಿಮ್ಮ ಮೋದಿ’ ಅಂದಾಗಲೂ, ರೈತ ರೀಲರ್‌ಗೆ ‘ನಿಮ್ಮ ಸಿದ್ದರಾಮಯ್ಯ’ ಅಂದಾಗಲೂ ನಾನು ಇದನ್ನೇ ಕೇಳಿದ್ದೇನೆ. ಯಾರ ಮನೆಯಲ್ಲೂ ಅವರಿಬ್ಬರು ಬಾಡಿಗೆಗಿಲ್ಲ.

ಇನ್ನು ಎಳೆ ಬಿಡಿಸುವುದು. ನಮ್ಮೂರಿನವರಿಗೆ ಇದನ್ನು ಹೇಳುವುದು ಸುಲಭ. ಗೂಡು ಬೇಯದಿದ್ದರೆ ಎಳೆ ಸಿಗುವುದಿಲ್ಲ, ಜಾಸ್ತಿ ಬೆಂದರೆ ಎಳೆ ಹರಿದು ಕಸವಾಗುತ್ತದೆ. ಮಾತೂ ಸ್ವಲ್ಪ ಬಿಸಿಯಾಗಲಿ, ಪರವಾಗಿಲ್ಲ. ಆದರೆ ಯುದ್ಧ, ಧರ್ಮ, ಸರ್ಕಾರ ಮೂರನ್ನೂ ಒಂದೇ ಉಸಿರಿನಲ್ಲಿ ಎಳೆಯಲು ಬಿಡಬೇಡಿ. ‘ಈಗ ಮಾತಾಡುತ್ತಿರುವುದು ಯಾವುದರ ಬಗ್ಗೆ?’ ಅಂತ ನಡುವೆ ಕೇಳಿ. ಒಮ್ಮೆ ಗಡಿಯ ವಿಷಯ ಶುರುವಾಗಿ, ಐದು ನಿಮಿಷಕ್ಕೆ ಹಿಜಾಬಿಗೆ ಹೋಗಿ, ಹತ್ತು ನಿಮಿಷಕ್ಕೆ ಅನ್ನಭಾಗ್ಯದ ಅಕ್ಕಿಯಲ್ಲಿ ನಿಂತಿತ್ತು. ಯಾರಿಗೂ ತಾವು ಯಾಕೆ ಸಿಟ್ಟಾದೆವು ಅನ್ನುವುದೇ ನೆನಪಿರಲಿಲ್ಲ.

ದೂರದ ಯುದ್ಧವಾದರೆ ಕೈಗೆ ಸಿಗುವ ವಸ್ತುವಿನಿಂದ ಮಾತು ಹಿಡಿಯಿರಿ. 2022ರ ಫೆಬ್ರವರಿ 24ಕ್ಕೆ ರಷ್ಯಾ ಉಕ್ರೇನಿಗೆ ನುಗ್ಗಿತು. ನಮ್ಮ ಸೂರ್ಯಕಾಂತಿ ಎಣ್ಣೆಯಲ್ಲಿ ಬಹುಪಾಲು ಆ ಎರಡು ದೇಶಗಳಿಂದ ಬರುತ್ತಿತ್ತು. ಮುಂದಿನ ತಿಂಗಳೇ ನನ್ನ ಬಾಣಲೆಗೆ ಬಿಸಿ ತಟ್ಟಿತು. ಬೋಂಡದ ರೇಟು ಏರಿಸಿದ ದಿನ ಪುಟಿನ್ ಸರಿಯೋ ತಪ್ಪೋ ಅನ್ನುವ ಚರ್ಚೆ ತುಂಬಾ ಚೆನ್ನಾಗಿ ನಡೆಯಿತು, ಯಾಕಂದರೆ ಎಲ್ಲರಿಗೂ ಅದು ತಮ್ಮ ಜೇಬಿನ ವಿಷಯವಾಗಿತ್ತು. ಅವತ್ತೇ ನಮ್ಮ ಮೇಷ್ಟ್ರು (ರಿಟೈರಾದ ಸಮಾಜ ವಿಜ್ಞಾನದ ಮೇಷ್ಟ್ರು, ದಿನಾ ಏಳೂವರೆಗೆ ಬರುತ್ತಾರೆ) ಎರಡನೇ ಮಹಾಯುದ್ಧದಲ್ಲಿ ಪ್ಯಾರಾಚೂಟಿಗೆ ಬೇಕಾಗಿ ಮೈಸೂರು ಸೀಮೆಯ ರೇಷ್ಮೆಗೆ ಬೇಡಿಕೆ ಏರಿದ ಕಥೆ ಹೇಳಿದರು. ಒಬ್ಬ ರೀಲರ್, ‘ಹಾಗಾದ್ರೆ ಯುದ್ಧ ಒಳ್ಳೇದೇ ಅಲ್ವಾ ಸಾರ್’ ಅಂದ. ಎಲ್ಲರೂ ನಕ್ಕರು. ಆಮೇಲೆ ಯಾರೂ ನಗಲಿಲ್ಲ.

ಧರ್ಮದ ಜಗಳಕ್ಕೆ ನಾವು ಒಂದು ಆಟ ಮಾಡಿಕೊಂಡಿದ್ದೇವೆ. ಮೇಷ್ಟ್ರದ್ದೇ ಐಡಿಯಾ. ವಾದ ಮಾಡುವವನು ಮೊದಲು ತನ್ನ ಕಡೆಗೆ ನೋಯುವ ಒಂದು ನಿಜ ಹೇಳಬೇಕು. ಆಮೇಲೆ ಎದುರಿನವನಿಗೆ ಏನು ಬೇಕಾದರೂ ಹೇಳಬಹುದು. ಟಿಪ್ಪುವಿನ ಕೋಟೆಯಿದ್ದ ನಂದಿಬೆಟ್ಟ ಎದುರಿಗೇ ಇರುವ ಊರಿನಲ್ಲಿ ಟಿಪ್ಪು ಜಗಳ ತಪ್ಪುವುದಿಲ್ಲ. ಸರ್ಕಾರ 2015ರಲ್ಲಿ ಟಿಪ್ಪು ಜಯಂತಿ ಶುರು ಮಾಡಿದಾಗಲೂ ಜಗಳ, 2019ರಲ್ಲಿ ಬೇರೆ ಸರ್ಕಾರ ಬಂದು ನಿಲ್ಲಿಸಿದಾಗಲೂ ಜಗಳ. ಆಟದ ಪ್ರಕಾರ ರೀಲರ್ ಹುಡುಗ ಹೇಳಬೇಕಾಯಿತು: ಕೊಡಗು, ಮಲಬಾರಿನಲ್ಲಿ ಟಿಪ್ಪು ಜನರನ್ನು ಸೆರೆ ಹಿಡಿಸಿದ್ದು, ಮತಾಂತರ ಮಾಡಿಸಿದ್ದು ದಾಖಲೆಯಲ್ಲಿದೆ. ರೈತನ ಸರದಿ ಬಂತು. 1791ರಲ್ಲಿ ಶೃಂಗೇರಿ ಮಠವನ್ನು ಲೂಟಿ ಮಾಡಿದ್ದು ಮರಾಠಾ ಸೈನ್ಯ, ಮಠಕ್ಕೆ ನೆರವು ಕಳಿಸಿ ಸ್ವಾಮಿಗಳಿಗೆ ಕಾಗದ ಬರೆದವನು ಟಿಪ್ಪು. ಆ ಕಾಗದಗಳು 1916ರಲ್ಲಿ ಮಠದಲ್ಲೇ ಸಿಕ್ಕವು. ಇಬ್ಬರೂ ಒಪ್ಪಲಿಲ್ಲ ಬಿಡಿ. ಆದರೆ ತಮ್ಮ ಬಾಯಿಂದಲೇ ಎದುರಾಳಿಯ ಮಾತು ಹೊರಬಿದ್ದ ಮೇಲೆ ದನಿ ಒಂದು ಮೆಟ್ಟಿಲು ಇಳಿಯುತ್ತದೆ. ನಾನು ಬೇಕಾದಷ್ಟು ಸಲ ನೋಡಿದ್ದೇನೆ.

ಜಡ್ಜ್‌ಗಳೇ ಒಪ್ಪದ ವಿಷಯಗಳೂ ಇವೆ. ಹಿಜಾಬ್ ಕೇಸಿನಲ್ಲಿ ನಮ್ಮ ಹೈಕೋರ್ಟು 2022ರ ಮಾರ್ಚ್ 15ಕ್ಕೆ ತೀರ್ಪು ಕೊಟ್ಟು, ಸರ್ಕಾರದ ಆದೇಶ ಸರಿ ಅಂದಿತು. ಅಕ್ಟೋಬರ್ 13ಕ್ಕೆ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಒಂದೇ ಪೀಠದಲ್ಲಿ ಕೂತು, ಒಂದೇ ವಾದ ಕೇಳಿ, ಎರಡು ತೀರ್ಪು ಕೊಟ್ಟರು. ಹೇಮಂತ್ ಗುಪ್ತಾ ಹೈಕೋರ್ಟು ಸರಿ ಅಂದರು, ಸುಧಾಂಶು ಧುಲಿಯಾ ತಪ್ಪು ಅಂದರು. ಯಾರೂ ಯಾರ ಕಾಲರ್ ಹಿಡಿಯಲಿಲ್ಲ. ನಿಮ್ಮ ಬೆಂಚಿನಲ್ಲಿ ಹುಡುಗರು ಮೈಮೇಲೆ ಬಿದ್ದಾಗ ಈ ಕಥೆ ಹೇಳಿ.

ಸರ್ಕಾರದ ಅಧಿಕಾರದ ವಿಷಯಕ್ಕೆ ನಾನು ಸ್ವಲ್ಪ ಜಾಸ್ತಿ ಹೊತ್ತು ಕೊಡುತ್ತೇನೆ. ನಿಜವಾಗಿ ನಮ್ಮ ಮೇಲೆ ಬೀಳುವುದು ಅದೇ. ಇಲ್ಲಿ ಎರಡು ಉಪಾಯ ಕೆಲಸ ಮಾಡುತ್ತವೆ.

ಒಂದು, ಕಾಗದ ತೆಗೆಸುವುದು. 2024ರ ಅಕ್ಟೋಬರ್, ನವೆಂಬರಿನಲ್ಲಿ ರೈತರ ಜಮೀನಿನ ಪಹಣಿಯಲ್ಲಿ ವಕ್ಫ್ ಅಂತ ಬಂದಿದೆ ಅಂತ ರಾಜ್ಯವೆಲ್ಲ ಗಲಾಟೆ. ವಿಜಯಪುರದಲ್ಲಿ ಶುರುವಾಗಿದ್ದು ನಮ್ಮ ಕಡೆಗೂ ಬಂತು. ಒಂದು ಬೆಳಿಗ್ಗೆ ಅಂಗಡಿಯಲ್ಲಿ ಕೈ ಮಿಲಾಯಿಸುವುದೊಂದು ಬಾಕಿ. ನಾನು ಕೇಳಿದೆ, ‘ನಿನ್ನ ಪಹಣಿ ನೋಡಿದ್ಯಾ?’ ನೋಡಿರಲಿಲ್ಲ. ಅಲ್ಲೇ ಮೊಬೈಲಿನಲ್ಲಿ ಭೂಮಿ ವೆಬ್‌ಸೈಟ್ ತೆಗೆಸಿದೆ. 9ನೇ ಕಾಲಂನಲ್ಲಿ ಮಾಲೀಕರ ಹೆಸರು, 11ರಲ್ಲಿ ಋಣ, ಹಕ್ಕು ಇತ್ಯಾದಿ. ವಕ್ಫ್ ಹೆಸರು ಸೇರಿತು ಅಂತ ಗಲಾಟೆಯಾದದ್ದು ಆ 11ರ ವಿಷಯಕ್ಕೇ. ಬೆಂಚಿನಲ್ಲಿದ್ದ ಏಳು ಜನ ಸರ್ವೆ ನಂಬರ್ ಹಾಕಿ ನೋಡಿಕೊಂಡರು. ಏಳರಲ್ಲೂ ಇರಲಿಲ್ಲ. ಒಬ್ಬನಿಗೆ ಮಾತ್ರ ಅಣ್ಣ ತನಗೆ ಹೇಳದೆ ಬ್ಯಾಂಕಿನಲ್ಲಿ ಸಾಲ ಎತ್ತಿದ್ದು ಗೊತ್ತಾಗಿ ಬೇರೆಯೇ ಜಗಳ ಶುರುವಾಯಿತು, ಅದು ನನ್ನ ಲೆಕ್ಕಕ್ಕೆ ಬರುವುದಿಲ್ಲ. ಬೇರೆ ಕಡೆ ನಿಜವಾಗಿ ತೊಂದರೆಯಾದವರಿದ್ದರು. ರಾಜ್ಯ ಸರ್ಕಾರವೇ ನವೆಂಬರಿನಲ್ಲಿ ನೋಟಿಸ್ ವಾಪಸ್ ತೆಗೆದುಕೊಳ್ಳಿ ಅಂತ ಆದೇಶ ಮಾಡಬೇಕಾಯಿತು. ಸಿಟ್ಟು ಸುಳ್ಳು ಅಂತ ನಾನು ಹೇಳುತ್ತಿಲ್ಲ. ಸಿಟ್ಟು ಪಕ್ಕದಲ್ಲಿ ಟೀ ಕುಡಿಯುವವನ ಮೇಲೆ ಹೋಗಬೇಕೋ, ತಾಲ್ಲೂಕು ಕಚೇರಿಗೆ ಹೋಗಬೇಕೋ ಅನ್ನುವುದನ್ನು ಕಾಗದ ಹೇಳುತ್ತದೆ.

ಎರಡನೆಯದು ಒಂದು ಪ್ರಶ್ನೆ. ‘ಸರ್ಕಾರ ಒಳಗೆ ಹಾಕಬೇಕು’, ‘ಬಾಯಿ ಮುಚ್ಚಿಸಬೇಕು’ ಅಂತ ಯಾರಾದರೂ ಅಂದಾಗ ನಾನು ಕೇಳುವುದಿಷ್ಟೇ: ‘ನಿನಗೆ ಆಗದವರ ಸರ್ಕಾರ ಬಂದಾಗಲೂ ಈ ಅಧಿಕಾರ ಅವರ ಕೈಯಲ್ಲಿ ಇರಲಾ?’ ಈ ಪ್ರಶ್ನೆಗೆ ಬೆಂಬಲವಾಗಿ ಎರಡು ತಾರೀಖು ಬಾಯಲ್ಲಿರಲಿ. ಚೀನಾ ಜೊತೆ ಯುದ್ಧ ನಡೆದದ್ದು 1962ರ ಅಕ್ಟೋಬರ್ 20ರಿಂದ ನವೆಂಬರ್ 21ರ ತನಕ, ಒಂದು ತಿಂಗಳು. ಆ ಯುದ್ಧಕ್ಕೆ ಅಂತ ಘೋಷಿಸಿದ ತುರ್ತು ಪರಿಸ್ಥಿತಿ ತೆಗೆದದ್ದು 1968ರ ಜನವರಿಯಲ್ಲಿ. 1971ರ ಯುದ್ಧ ಡಿಸೆಂಬರ್ 3ಕ್ಕೆ ಶುರುವಾಗಿ 16ಕ್ಕೆ ಢಾಕಾದಲ್ಲಿ ಮುಗಿಯಿತು. ಆಗ ಹಾಕಿದ ತುರ್ತು ಪರಿಸ್ಥಿತಿ 1977ರ ತನಕ ಇತ್ತು. ಅದಿರುವಾಗಲೇ 1975ರ ಜೂನ್ 25ಕ್ಕೆ ಅದರ ಮೇಲೊಂದು ಹಾಕಿದರು. ಎಲ್ಲರಿಗೂ ನೆನಪಿರುವುದು ಆ ಎರಡನೆಯದೇ. ಅಡ್ವಾಣಿ, ವಾಜಪೇಯಿ ಅವರನ್ನು ಬಂಧಿಸಿ ಇಟ್ಟದ್ದು ನಮ್ಮ ಬೆಂಗಳೂರಿನ ಜೈಲಿನಲ್ಲಿ. ಆಮೇಲೆ 1978ರ 44ನೇ ತಿದ್ದುಪಡಿಯಲ್ಲಿ ‘ಆಂತರಿಕ ಗಲಭೆ’ ಅನ್ನುವ ಕಾರಣ ತೆಗೆದು ‘ಸಶಸ್ತ್ರ ಬಂಡಾಯ’ ಅಂತ ಮಾಡಿದರು. ಇಷ್ಟು ಹೇಳುವಷ್ಟರಲ್ಲಿ ಬೆಂಚಿನಲ್ಲಿ ಕಾಂಗ್ರೆಸ್ಸಿನವರಿಗೂ ಬಿಜೆಪಿಯವರಿಗೂ ತಲೆ ಕೆರೆಯಬೇಕು ಅನ್ನಿಸುತ್ತದೆ. ಅಷ್ಟಾದರೆ ಸಾಕು.

ಸರ್ಕಾರದ ಲೆಕ್ಕ, ಜನರ ಲೆಕ್ಕ ಅನ್ನುವ ವಾದ ಬಂದರೆ ನಾನು ವಿದುರಾಶ್ವತ್ಥದ ಕಡೆ ಕೈ ತೋರಿಸುತ್ತೇನೆ. ಗೌರಿಬಿದನೂರು ತಾಲ್ಲೂಕು, ನಮ್ಮದೇ ಜಿಲ್ಲೆ. 1938ರ ಏಪ್ರಿಲ್ 25ಕ್ಕೆ ಬಾವುಟ ಹಾರಿಸಬಾರದು, ಸಭೆ ಸೇರಬಾರದು ಅನ್ನುವ ಆಜ್ಞೆ ಮೀರಿ ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಎಷ್ಟು ಜನ ಸತ್ತರು ಅನ್ನುವುದರಲ್ಲಿ ಆಗಿನ ಸರ್ಕಾರದ ಅಂಕಿಗೂ ಊರವರ ಅಂಕಿಗೂ ಇವತ್ತಿಗೂ ತಾಳೆ ಇಲ್ಲ. ಗುಂಡು ಹಾರಿಸಿದ್ದು ದೂರದ ಬ್ರಿಟಿಷರಲ್ಲ, ನಮ್ಮ ಮೈಸೂರು ಸಂಸ್ಥಾನದ ಪೊಲೀಸರು. ಶಿಡ್ಲಘಟ್ಟದಿಂದ ಬೈಕಿನಲ್ಲಿ ಹೋಗಿ ಬರಬಹುದು. ಸ್ಮಾರಕ ಇದೆ, ಅಶ್ವತ್ಥದ ಕಟ್ಟೆ ಸುತ್ತ ಸಾವಿರಾರು ನಾಗರಕಲ್ಲುಗಳಿವೆ. ಬಾಯಿ ಜೋರಿನ ಇಬ್ಬರನ್ನು ಒಂದೇ ಬೈಕಿನಲ್ಲಿ ಕಳಿಸಿ. ನಾನು ಕಳಿಸಿದ್ದೇನೆ.

ಕೆಲವು ಸಣ್ಣ ವಿಷಯ. ಎರಡು ಬೆಂಚನ್ನು ಎದುರುಬದುರು ಇಡಬೇಡಿ, ಒಂದೇ ಸಾಲಿನಲ್ಲಿ ರಸ್ತೆಗೆ ಮುಖ ಮಾಡಿ ಇಡಿ. ಮುಖ ನೋಡದೆ ಮಾತಾಡುವಾಗ ಜನ ಅರ್ಧ ಸಾಧು. ಜೋರಾಗಿ ವಾದ ಮಾಡುವ ಇಬ್ಬರಿಗೆ ಬೈಟು ಕೊಡಿ, ಅದೂ ಕುದಿಕುದಿಯುವ ಹಾಗೆ. ಕೈಯಲ್ಲಿ ಬಿಸಿ ಗ್ಲಾಸಿದ್ದರೆ ಕೈ ಎತ್ತುವುದು ಕಷ್ಟ. ಪೇಪರನ್ನು ಹಾಳೆ ಹಾಳೆ ಬಿಡಿಸಿ ಹಂಚಿ, ಒಬ್ಬನ ಕೈಯಲ್ಲಿ ಪೂರ್ತಿ ಪೇಪರ್ ಇದ್ದರೆ ಅವನೇ ಮಂತ್ರಿ.

ಹೊಸಬ ಒಬ್ಬ ಬಂದು ವಿಡಿಯೋ ತೋರಿಸಿ, ‘ನೋಡಿ, ನೋಡಿ’ ಅಂತ ಎಲ್ಲರ ಮೂಗಿಗೆ ಹಿಡಿದರೆ, ಅದು ಚರ್ಚೆಯಲ್ಲ. ನಾನು ಹಾಲು ಮುಗಿಯಿತು ಅನ್ನುತ್ತೇನೆ. ಅವನು ಹೋದ ಮೇಲೆ ಹಾಲು ಬರುತ್ತದೆ. ಹುಡುಗರಿಗೆ ಕಾನೂನೂ ಒಂದು ಮಾತು ಗೊತ್ತಿರಲಿ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಗುಂಪುಗಳ ನಡುವೆ ದ್ವೇಷ ಹಚ್ಚುವುದು 196ನೇ ಸೆಕ್ಷನ್. ಬೇಕೆಂದೇ ಧರ್ಮಕ್ಕೆ ಅವಮಾನ ಮಾಡುವುದು 299. ಎರಡರಲ್ಲೂ ಮೂರು ವರ್ಷದ ತನಕ ಜೈಲು ಆಗಬಹುದು. ವಾಟ್ಸಾಪಿನಲ್ಲಿ ಕಳಿಸಿದರೂ ಲೆಕ್ಕಕ್ಕೆ ಬರುತ್ತದೆ. ಕೈ ಮಿಲಾಯಿಸಿದರೆ 112ಕ್ಕೆ ಫೋನು. ಇಷ್ಟು ವರ್ಷದಲ್ಲಿ ನಾನು ಆ ನಂಬರ್ ಒತ್ತಿದ್ದು ಒಂದೇ ಸಲ, ಅದೂ ಎಮ್ಮೆ ಕಳ್ಳತನಕ್ಕೆ.

ಇಷ್ಟೆಲ್ಲ ಮಾಡಿದರೂ ಒಂದು ದಿನ ಗ್ಲಾಸು ಒಡೆಯುತ್ತದೆ. ಆಗ ಫೋನು ಮಾಡಬೇಡಿ, ಮೆಸೇಜು ಬೇಡವೇ ಬೇಡ. ಕಾಲಲ್ಲಿ ನಡೆದುಕೊಂಡು ಹೋಗಿ. ಹನ್ನೆರಡನೇ ದಿನ ನಾನು ಫ್ಲಾಸ್ಕಿನಲ್ಲಿ ಸಕ್ಕರೆಯಿಲ್ಲದ ಟೀ ಹಾಕಿಕೊಂಡು ಆ ರೀಲರ್ ಮನೆಯ ಫಿಲೇಚರಿಗೆ, ಅಂದರೆ ನೂಲು ತೆಗೆಯುವ ಜಾಗಕ್ಕೆ, ಹೋದೆ. ಬೆಂದ ಹುಳುವಿನ ವಾಸನೆ, ಆವಿ, ಮೆಷಿನ್ನಿನ ಸದ್ದು. ಸ್ಟೂಲು ತೋರಿಸಿದರು. ಅರ್ಧ ಗಂಟೆ ಸಿ.ಬಿ. (ಮಿಶ್ರತಳಿ) ಗೂಡಿನ ರೇಟಿನ ಮಾತಾಯಿತು, ಬೇರೆ ಏನೂ ಇಲ್ಲ. ‘ಬೋಂಡ ಕರಿದದ್ದು ನನ್ನ ತಪ್ಪು’ ಅಂದೆ. ಕೇಳಿಸಿತೋ ಇಲ್ಲವೋ, ಮೆಷಿನ್ ಕಡೆ ನೋಡುತ್ತಿದ್ದರು. ಏಳುವಾಗ ಕೇಳಿದರು, ‘ಆ ಗ್ಲಾಸು ಎಷ್ಟು?’ ಹದಿನೈದು ರೂಪಾಯಿ ಅಂದೆ. ಕೊಟ್ಟರು. ತೆಗೆದುಕೊಂಡೆ. ನೀವೂ ತೆಗೆದುಕೊಳ್ಳಿ, ‘ಬಿಡಿ ಸಾಹೇಬ್ರೆ, ಪರವಾಗಿಲ್ಲ’ ಅಂತ ದೊಡ್ಡತನ ತೋರಿಸಲು ಹೋಗಬೇಡಿ. ಲೆಕ್ಕ ಚುಕ್ತಾ ಆಗದೆ ಅವರು ಬರುವುದಿಲ್ಲ.

ಮಾರನೇ ದಿನ ಏಳಕ್ಕೆ ಬಂದರು. ಬೋಂಡದ ಮಾತು ಆಡಿದ ರೈತ ಅಲ್ಲೇ ಇದ್ದ. ಕ್ಷಮೆ ಗಿಮೆ ಏನೂ ಕೇಳಲಿಲ್ಲ. ಬೆಂಚಿನಲ್ಲಿ ಒಂದು ಗೇಣು ಸರಿದು ಕೂತ, ನನ್ನ ಕಡೆ ತಿರುಗಿ, ‘ಬೈಟು, ಒಂದಕ್ಕೆ ಸಕ್ಕರೆ ಬೇಡ’ ಅಂದ. ಆಮೇಲೆ ನೂಲಿನ ರೇಟು ಇಳಿದದ್ದಕ್ಕೆ ಚೀನಾ ರೇಷ್ಮೆ ಕಾರಣವೋ, ಅದನ್ನು ಒಳಗೆ ಬಿಟ್ಟ ಸರ್ಕಾರ ಕಾರಣವೋ ಅಂತ ಹತ್ತು ಗಂಟೆಯ ತನಕ ಇಬ್ಬರೂ ಕಿತ್ತಾಡಿದರು.